ಆಮ್ಲದ ಪಂಪನ್ನು ನಿಲ್ಲಿಸಲು ಮುರುಗಲು ಸಾಕೇ?

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟದ ಮನೆ. ಮಾವನವರಿಗೆ ಅರವತ್ತೆಂಟು ವರ್ಷ. ಎದೆಯುರಿಗೆಂದು ಮೂರು ವರ್ಷಗಳಿಂದ ದಿನಾ ಬೆಳಿಗ್ಗೆ ಒಂದು ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಾರೆ. ಅರಿಸಿನ, ಶುಂಠಿ, ಮುರುಗಲುಗಳಲ್ಲಿ 'ಪ್ರೋಟಾನ್ ಪಂಪನ್ನು ತಡೆಯುವ' ನೈಸರ್ಗಿಕ ಅಂಶ ಇದೆಯೆಂದು ಈಚೆಗೆ ಮೊಬೈಲಿನಲ್ಲಿ ಓದಿದ್ದಾರೆ. ಮಾತ್ರೆ ಬಿಟ್ಟು ಮುರುಗಲು ಪಾನಕ ಕುಡಿದರೆ ಸಾಲದೇ ಎಂದು ಕೇಳುತ್ತಿದ್ದಾರೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳು, ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ, ಸಮುದ್ರದ ಸ್ಪಂಜುಗಳಲ್ಲಿ ಕೂಡ ಇಂಥ ವಸ್ತುಗಳು ಸಿಕ್ಕಿವೆ ಎನ್ನುತ್ತಾಳೆ. ಹಾಗಿದ್ದರೆ ಅವು ಔಷಧಿಯಾಗಿ ಅಂಗಡಿಗೆ ಏಕೆ ಬರಲಿಲ್ಲ?

ಉತ್ತರ: ಮೊದಲು ಮಾವನವರ ವಿಷಯ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಏಕೆಂಬುದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆ ಒಂದು ಮಾತ್ರೆಗೆ ಮುಗಿಯುವಂಥದ್ದಲ್ಲ, ಅದರ ಬೆನ್ನಿಗೆ ದೊಡ್ಡ ವಿಚಾರವೊಂದಿದೆ. ಮೂವತ್ತು ವರ್ಷ ಜೀವರಸಾಯನಶಾಸ್ತ್ರ ಕಲಿಸಿ, ಈಗ ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ಮನೆ ಮಾಡಿಕೊಂಡಿರುವ ನನಗೆ ಇದು ಮನಸ್ಸಿಗೆ ತೀರ ಹತ್ತಿರದ ವಿಷಯ. ಆದ್ದರಿಂದ ಉತ್ತರ ಉದ್ದವಾಗುತ್ತದೆ. ಮಗಳಿಗೂ ಓದಲು ಕೊಡಿ.

ಕುಮಟಾ ಕಡೆ ಹೋದಾಗ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳನ್ನು ನೋಡಿರುತ್ತೀರಿ. ಹೊರಗೆ ಉಬ್ಬರದ ಉಪ್ಪುನೀರು, ಒಳಗೆ ಕಗ್ಗ ಭತ್ತ, ನಡುವೆ ಮಣ್ಣಿನ ಕಟ್ಟೆ. ಕಟ್ಟೆ ಇರುವ ತನಕ ಎರಡು ಬದಿಯ ನೀರಿನ ಮಟ್ಟ ಬೇರೆ ಬೇರೆಯಾಗಿ ನಿಲ್ಲುತ್ತದೆ. ಬಾಗಿಲ ಹಲಗೆ ಎತ್ತಿದರೆ ನೀರು ರಭಸದಿಂದ ನುಗ್ಗುತ್ತದೆ. ಜೀವಕೋಶದ ಪೊರೆಯೂ ಇಂಥದೇ ಒಂದು ಕಟ್ಟೆ. ಅದು ತಡೆದು ನಿಲ್ಲಿಸುವುದು ಪ್ರೋಟಾನುಗಳನ್ನು, ಅಂದರೆ ಎಲೆಕ್ಟ್ರಾನು ಕಳೆದುಕೊಂಡ ಹೈಡ್ರೋಜನ್ನನ್ನು. ಪ್ರೋಟಾನು ಎಲ್ಲಿ ಹೆಚ್ಚೋ ಅಲ್ಲಿ ಹುಳಿ. ಗಜನಿಯ ನೀರನ್ನು ಚಂದ್ರನೇ ಎತ್ತಿಕೊಡುತ್ತಾನೆ. ಕೋಶಕ್ಕೆ ಆ ಅನುಕೂಲವಿಲ್ಲ. ತಗ್ಗಿನ ಬಾವಿಯಿಂದ ದಿಬ್ಬದ ತೋಟಕ್ಕೆ ನೀರೆತ್ತುವ ಪಂಪ್‌ಸೆಟ್ಟಿನ ಹಾಗೆ ಅದು ಇಂಧನ ಸುಟ್ಟು ಪ್ರೋಟಾನುಗಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಏರಿಸಬೇಕು. ಪೊರೆಯಲ್ಲಿ ಕೂತು ಈ ಕೆಲಸ ಮಾಡುವ ಪ್ರೋಟೀನೇ ಪ್ರೋಟಾನ್ ಪಂಪು. ಈ ಉತ್ತರದಲ್ಲಿ ಬರುವ ಪಂಪುಗಳಿಗೆ ಎಟಿಪಿ ಎಂಬ ಅಣುವೇ ಇಂಧನ.

ಏರಿಸಿಟ್ಟ ಪ್ರೋಟಾನುಗಳು ಮತ್ತೆ ಇಳಿಯುವಾಗ ಆ ರಭಸದಿಂದ ಕೋಶ ನೂರು ಕೆಲಸ ಮಾಡಿಸಿಕೊಳ್ಳುತ್ತದೆ. ಎಟಿಪಿ ತಯಾರಾಗುವುದೂ ಬಹುಪಾಲು ಹೀಗೆಯೇ. ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ಆ ಕಾಲದ ಘಟಾನುಘಟಿಗಳು ಒಪ್ಪಲಿಲ್ಲ. ಹದಿನೇಳು ವರ್ಷಗಳ ನಂತರ, 1978ರಲ್ಲಿ, ಅದೇ ವಿಚಾರಕ್ಕೆ ನೊಬೆಲ್ ಬಂತು. ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತಿದ್ದ ಮಾತೊಂದಿದೆ: ಪ್ರೋಟಾನಿನ ಏರಿಳಿತವನ್ನು ಅರ್ಥ ಮಾಡಿಕೊಂಡರೆ ಜೀವಶಾಸ್ತ್ರದ ಅರ್ಧ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ.

ಈಗ ನಿಮ್ಮ ಅಂಗಳದ ಮುರುಗಲನ್ನೇ ನೋಡಿ. ಹಣ್ಣಿನ ಸಿಪ್ಪೆ ಅಷ್ಟು ಹುಳಿ ಏಕೆ? ಸಸ್ಯದ ಪ್ರತಿ ಕೋಶದ ನಡುವೆ ರಸದಾನಿ ಎಂಬ ದೊಡ್ಡ ಚೀಲವಿದೆ. ಅದರ ಪೊರೆಯ ಪಂಪುಗಳು ಹಗಲೂ ರಾತ್ರಿ ಪ್ರೋಟಾನುಗಳನ್ನು ಒಳಗೆ ತುಂಬುತ್ತವೆ. ಹಣ್ಣಿನ ಆಮ್ಲಗಳು ಅವುಗಳ ಬೆನ್ನಿಗೆ ಒಳಗೆ ಸೇರಿಕೊಳ್ಳುತ್ತವೆ. ನಿಂಬೆಯಲ್ಲಿ ಈ ಪಂಪುಗಳ ಅಧ್ಯಯನ ಚೆನ್ನಾಗಿ ನಡೆದಿದೆ, ಅದರ ರಸದ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 2ರ ಆಸುಪಾಸಿಗೆ ಇಳಿಯುವುದು ಅವುಗಳಿಂದಲೇ. ಮುರುಗಲಿನ ಸಿಪ್ಪೆಯಿಂದ ಅಪ್ಪೆಮಿಡಿಯ ತನಕ ಮಲೆನಾಡಿನ ಹುಳಿಯೆಲ್ಲ ರಸದಾನಿಗಳ ಸಂಪತ್ತು. ಪಂಪು ದುಡಿದುದರಿಂದಲೇ ಹುಳಿಯಾದ ಹಣ್ಣನ್ನು ನಾವು ಇನ್ನೊಂದು ಪಂಪು ನಿಲ್ಲಿಸಲೆಂದು ಕುಡಿಯುತ್ತೇವೆ. ಇದರಿಂದ ಹಣ್ಣಿನ ಗುಣ ಕಡಿಮೆಯಾಗುವುದಿಲ್ಲ. ಆದರೆ 'ಪ್ರೋಟಾನ್ ಪಂಪು' ಎಂಬ ಒಂದೇ ಹೆಸರಿನ ಹಿಂದೆ ಎಷ್ಟು ಬೇರೆ ಬೇರೆ ಯಂತ್ರಗಳಿವೆ ಎಂಬುದು ಇಲ್ಲಿಂದಲೇ ತಿಳಿಯುತ್ತದೆ.

ಹೊಟ್ಟೆಯ ಪಂಪು ಒಂದು ಬಗೆ. ಜಠರದ ಒಳಗೋಡೆಯ ಕೆಲವು ಕೋಶಗಳಲ್ಲಿ ಸಣ್ಣ ಸಣ್ಣ ಕಾಲುವೆಗಳಿವೆ, ಅವುಗಳ ದಡದಲ್ಲಿ ಈ ಪಂಪುಗಳು ಸಾಲಾಗಿ ಕೂತಿವೆ. ಒಂದು ಪ್ರೋಟಾನು ಹೊರಗೆ, ಒಂದು ಪೊಟ್ಯಾಸಿಯಂ ಒಳಗೆ, ಇದು ಅದರ ಲೆಕ್ಕ. ಕೋಶದ ಒಳಗೆ ಪಿಎಚ್ ಸುಮಾರು 7, ಕಾಲುವೆಯಲ್ಲಿ ಸುಮಾರು 1. ಪಿಎಚ್‌ನಲ್ಲಿ ಒಂದು ಮೆಟ್ಟಿಲಿಗೆ ಹತ್ತು ಪಟ್ಟು, ಆರು ಮೆಟ್ಟಿಲಿಗೆ ಹತ್ತು ಲಕ್ಷ ಪಟ್ಟು. ನಮ್ಮ ದೇಹದಲ್ಲಿ ಪ್ರೋಟಾನನ್ನು ಇದಕ್ಕಿಂತ ಎತ್ತರಕ್ಕೆ ಏರಿಸುವ ಜಾಗ ಬೇರೊಂದಿಲ್ಲ.

ಇದರ ಹತ್ತಿರದ ನೆಂಟ ಸೋಡಿಯಂ ಪಂಪು. ಪ್ರೋಟಾನಿನ ಬದಲು ಸೋಡಿಯಂ ಎತ್ತುವ ಇದು ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲಿದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಕಂಡುಹಿಡಿದರು. 1997ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಮೂರನೆಯದು ಇವೆರಡಕ್ಕೂ ಹೋಲಿಕೆಯೇ ಇಲ್ಲದ ಯಂತ್ರ. ರಸದಾನಿಯ ಪೊರೆಯಲ್ಲಿ, ನಮ್ಮ ಕೋಶಗಳ ಒಳಗೆ ಕಸ ಜೀರ್ಣಿಸುವ ಲೈಸೋಸೋಮ್ ಎಂಬ ಚೀಲಗಳಲ್ಲಿ ಇರುವ ಪಂಪು ಇದು. ವಿಜ್ಞಾನಿಗಳು ವಿ-ಎಟಿಪೇಸ್ ಎನ್ನುತ್ತಾರೆ. ಹತ್ತು ಹನ್ನೆರಡಕ್ಕಿಂತ ಹೆಚ್ಚು ಬಗೆಯ ಬಿಡಿಭಾಗಗಳು ಕೂಡಿ ಆದ ಯಂತ್ರ. ಆಲೆಮನೆಯ ಗಾಣದಂತೆ ಇದು ನಿಜವಾಗಿಯೂ ತಿರುಗುತ್ತದೆ: ಮೇಲ್ಭಾಗದಲ್ಲಿ ಎಟಿಪಿ ಒಡೆದಾಗ ಬಂದ ಶಕ್ತಿ ನಡುವಿನ ದಂಡವನ್ನು ತಿರುಗಿಸುತ್ತದೆ, ದಂಡದ ಬುಡಕ್ಕೆ ಅಂಟಿದ ಬಳೆ ಪೊರೆಯೊಳಗೆ ಸುತ್ತುತ್ತ ಪ್ರೋಟಾನುಗಳನ್ನು ಒಂದೊಂದಾಗಿ ದಾಟಿಸುತ್ತದೆ. ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದಲ್ಲಿ ಎಟಿಪಿ ತಯಾರಿಸುವ ಯಂತ್ರವೂ ಇದೇ ಮನೆತನದ್ದು, ಅದು ಮಾತ್ರ ಹಿಂದುಮುಂದಾಗಿ ಓಡುತ್ತದೆ.

ನಿಮ್ಮ ಮಗಳು ಹೇಳಿದ ಮಣ್ಣಿನ ಬ್ಯಾಕ್ಟೀರಿಯಾ ಈ ಗಾಣದ ಕಥೆಗೆ ಸೇರಿದ್ದು. ಮೊದಲ ಮಳೆಗೆ ತೋಟದ ಮಣ್ಣಿನಿಂದ ಏಳುವ ಆ ಹಿತವಾದ ವಾಸನೆ ಗೊತ್ತಲ್ಲ, ಅದನ್ನು ಹೆಚ್ಚಾಗಿ ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲ. ಕ್ಷಯದ ಮದ್ದು ಸ್ಟ್ರೆಪ್ಟೊಮೈಸಿನ್ ಬಂದದ್ದು ಇವುಗಳಿಂದ. ಇದೇ ಕುಲದ ಒಂದು ಜಾತಿಯಿಂದ 1980ರ ದಶಕದ ಮೊದಲ ಭಾಗದಲ್ಲಿ ಬ್ಯಾಫಿಲೊಮೈಸಿನ್ ಎಂಬ ವಸ್ತು ಸಿಕ್ಕಿತು. ಅದು ವಿ-ಎಟಿಪೇಸನ್ನು ನಿಲ್ಲಿಸುತ್ತದೆ ಎಂದು 1988ರಲ್ಲಿ ಬೌಮನ್, ಸೀಬರ್ಸ್, ಆಲ್ಟನ್‌ಡಾರ್ಫ್ ಎಂಬ ಮೂವರು ತೋರಿಸಿದರು. ಕೆಲವೇ ನ್ಯಾನೊಮೋಲಾರ್ ಪ್ರಮಾಣ ಸಾಕು. ಒಂದು ಲೀಟರ್ ನೀರಿಗೆ ಒಂದು ಗ್ರಾಮಿನ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಎಂದರೆ ಆ ಬಲದ ಅಂದಾಜು ಸಿಗಬಹುದು. ಈಚಿನ ವರ್ಷಗಳಲ್ಲಿ ಶೀತಲ ಎಲೆಕ್ಟ್ರಾನು ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರಗಳಲ್ಲಿ, ಬ್ಯಾಫಿಲೊಮೈಸಿನ್ ಅಣುಗಳು ತಿರುಗುವ ಬಳೆಯ ಸುತ್ತ ಹೊರಮೈಗೆ ಕಚ್ಚಿಕೊಂಡು ಕೂತಿರುವುದು ಕಾಣುತ್ತದೆ. ಗಾಣದ ಹಲ್ಲುಗಳ ನಡುವೆ ಕಲ್ಲು ಸಿಕ್ಕಿದಂತೆ.

ಇದು ಕಣ್ಣೆದುರು ನಡೆಯುವುದನ್ನು ಮೊದಲ ಸಲ ನೋಡಿದ ಸಂಜೆ ನನಗೆ ಇವತ್ತಿಗೂ ನೆನಪಿದೆ. ಆಕ್ರಿಡಿನ್ ಆರೆಂಜ್ ಎಂಬ ಬಣ್ಣವನ್ನು ಜೀವಂತ ಕೋಶಗಳಿಗೆ ಉಣಿಸಿದರೆ ಅದು ಹುಳಿ ಇರುವ ಚೀಲಗಳಲ್ಲಿ ಹೋಗಿ ತುಂಬಿಕೊಳ್ಳುತ್ತದೆ. ನೀಲಿ ಬೆಳಕು ಬಿಟ್ಟಾಗ ಕೋಶದ ಮೈ ಹಸಿರು, ಲೈಸೋಸೋಮುಗಳು ಕಿತ್ತಳೆ. ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಒಂದೊಂದು ಕೋಶವೂ ಕಾರ್ತಿಕದ ದೀಪೋತ್ಸವದಂತೆ ಕಾಣುತ್ತಿತ್ತು. ಆಮೇಲೆ ಬ್ಯಾಫಿಲೊಮೈಸಿನ್ ಒಂದು ಹನಿ. ಮೊದಲು ಏನೂ ಆಗಲಿಲ್ಲ. ಹೊತ್ತು ಕಳೆದಂತೆ ಕಿತ್ತಳೆ ಚುಕ್ಕೆಗಳು ಮಂಕಾಗುತ್ತ ಹೋದವು, ಅರ್ಧ ಗಂಟೆಯ ಹೊತ್ತಿಗೆ ದೀಪಗಳೆಲ್ಲ ಆರಿ ಬರೀ ಹಸಿರು ಉಳಿಯಿತು. ಪಂಪು ನಿಂತಿತ್ತು, ಚೀಲದ ಹುಳಿ ಸೋರಿ ಹೋಗಿತ್ತು. ಇಂಥ ಬಲದ ವಸ್ತು ಔಷಧಿ ಆಗದೆ ಇದ್ದೀತೇ ಎಂದು ಆಗ ನಾನೂ ಅಂದುಕೊಂಡಿದ್ದೆ.

ಔಷಧಿ ಆಗಬೇಕೆಂಬ ಆಸೆಗೆ ಕಾರಣಗಳೂ ಇದ್ದವು. ಮೂಳೆ ಸವೆತವನ್ನೇ ತೆಗೆದುಕೊಳ್ಳಿ. ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕೋಶಗಳಿವೆ. ಅವು ಮೂಳೆಗೆ ಬಟ್ಟಲು ಕವುಚಿದಂತೆ ಅಂಟಿಕೊಂಡು, ಆ ಬಟ್ಟಲಿನೊಳಗೆ ವಿ-ಎಟಿಪೇಸಿನಿಂದ ಆಮ್ಲ ಸುರಿಯುತ್ತವೆ. ಆ ಆಮ್ಲದಲ್ಲಿ ಸುಣ್ಣದಂಶ ಕರಗುತ್ತದೆ. ವಯಸ್ಸಾದ ಹೆಂಗಸರಲ್ಲಿ ಕರಗುವುದು ಹೆಚ್ಚಾಗಿ ಕಟ್ಟುವುದು ಕಡಿಮೆಯಾಗಿ ಮೂಳೆ ಟೊಳ್ಳಾಗುತ್ತದೆ. ಪಂಪು ನಿಲ್ಲಿಸಿದರೆ ಸವೆತ ನಿಲ್ಲಬೇಕು, ಪ್ರಯೋಗಾಲಯದಲ್ಲಿ ನಿಲ್ಲುತ್ತದೆ ಕೂಡ. ಫ್ಲೂ ವೈರಾಣು ನಮ್ಮ ಕೋಶವನ್ನು ಹೊಕ್ಕ ಮೇಲೆ ಚೀಲದೊಳಗಿನ ಹುಳಿಯ ನೆರವಿನಿಂದಲೇ ತನ್ನ ಸರಕನ್ನು ಹೊರಗೆ ಬಿಡುತ್ತದೆ, ಪಂಪು ನಿಂತರೆ ಅದು ಚೀಲದಲ್ಲೇ ಸಿಕ್ಕಿಬೀಳುತ್ತದೆ. ಕೆಲವು ಗಡ್ಡೆಗಳ ಕ್ಯಾನ್ಸರ್ ಕೋಶಗಳು ಇದೇ ಪಂಪನ್ನು ಹೊರಮೈಗೆ ತಂದಿಟ್ಟುಕೊಂಡು ಸುತ್ತಲಿನ ಅಂಗಾಂಶವನ್ನು ಹುಳಿಗೊಳಿಸಿ ದಾರಿ ಮಾಡಿಕೊಳ್ಳುತ್ತವೆ.

ಆದರೆ ಪಂಪು ನಮ್ಮ ಒಂದೊಂದು ಕೋಶದಲ್ಲಿಯೂ ಇದೆ. ಮೂಳೆಗೆಂದು ಕೊಟ್ಟ ಬ್ಯಾಫಿಲೊಮೈಸಿನ್ ಮೂಳೆಗೆ ಮಾತ್ರ ಹೋಗುವುದಿಲ್ಲ. ಮೂತ್ರಪಿಂಡ ಆಮ್ಲವನ್ನು ಹೊರಹಾಕಲು ಬಳಸುವುದು ಇದೇ ಪಂಪನ್ನು. ನರಕೋಶ ತನ್ನ ಸಂದೇಶದ ರಸಾಯನವನ್ನು ಚೀಲಗಳಿಗೆ ತುಂಬುವುದೂ ಇದರಿಂದಲೇ. ಎಲ್ಲೆಡೆ ಒಟ್ಟಿಗೆ ನಿಂತರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ, ಅದು ವಿಷ. ಒಂದೊಂದೇ ಕಡೆ ನಿಂತರೆ ಏನಾಗುತ್ತದೆ ಎಂಬುದನ್ನು ಕೆಲವು ಮಕ್ಕಳ ಹುಟ್ಟುರೋಗಗಳು ನಮಗೆ ತಿಳಿಸಿವೆ. ಈ ಪಂಪಿನ 'ಎ' ಎಂಬ ಬಿಡಿಭಾಗಕ್ಕೆ ನಮ್ಮಲ್ಲಿ ನಾಲ್ಕು ಅಚ್ಚುಗಳಿವೆ. ಮೂರನೆಯ ಅಚ್ಚು ಮೂಳೆ ಕರಗಿಸುವ ಕೋಶದಲ್ಲಿ ದುಡಿಯುತ್ತದೆ. ಅದು ಕೆಟ್ಟು ಹುಟ್ಟಿದ ಮಗುವಿನ ಮೂಳೆಗಳು ಕರಗದೆ ಕಲ್ಲಿನಂತೆ ಗಟ್ಟಿಯಾಗಿ, ಮಜ್ಜೆಗೆ ಜಾಗವೇ ಇಲ್ಲದಾಗುತ್ತದೆ. ನಾಲ್ಕನೆಯದು ಮೂತ್ರಪಿಂಡದಲ್ಲಿ, ಅದು ಕೆಟ್ಟರೆ ರಕ್ತದಲ್ಲಿ ಆಮ್ಲ ಉಳಿದುಹೋಗುತ್ತದೆ. ಈ ಮಕ್ಕಳ ಕಷ್ಟ ದೊಡ್ಡದು. ಅವರಿಂದ ನಾವು ಕಲಿತದ್ದೂ ದೊಡ್ಡದು: ನಾಲ್ಕು ಅಚ್ಚುಗಳಲ್ಲಿ ಮೂರನೆಯದನ್ನು ಮಾತ್ರ, ಅದೂ ಅರ್ಧಂಬರ್ಧ ತಡೆಯುವ ಅಣು ಸಿಕ್ಕರೆ ಅದು ಮೂಳೆ ಸವೆತಕ್ಕೆ ಮದ್ದಾದೀತು. ಹುಡುಕಾಟ ನಡೆದಿರುವುದು ಅಂಥ ಅಣುವಿಗಾಗಿ. ಬ್ಯಾಫಿಲೊಮೈಸಿನ್ ನಾಲ್ಕರಲ್ಲಿ ಯಾವುದನ್ನೂ ಬಿಡುವುದಿಲ್ಲ. ಆದ್ದರಿಂದ ಅದು ಪ್ರಯೋಗಾಲಯದ ಉಪಕರಣವಾಗಿ ಉಳಿಯಿತು, ಜಗತ್ತಿನ ಸಾವಿರಾರು ಸಂಶೋಧಕರು ಅದನ್ನು ದಿನವೂ ಬಳಸುತ್ತಾರೆ, ರೋಗಿಗೆ ಮಾತ್ರ ಕೊಡುವಂತಿಲ್ಲ.

ಸ್ಪಂಜಿನ ಕಥೆ ನನಗೆ ಇದಕ್ಕಿಂತ ಇಷ್ಟ. ಆಸ್ಟ್ರೇಲಿಯಾದ ನೈಋತ್ಯ ಕರಾವಳಿಯ ಹ್ಯಾಲಿಕ್ಲೋನಾ ಎಂಬ ಸ್ಪಂಜಿನಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 1997ರಲ್ಲಿ ಸ್ಯಾಲಿಸಿಲಿಹ್ಯಾಲಮೈಡ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೂ ವಿ-ಎಟಿಪೇಸನ್ನೇ ನಿಲ್ಲಿಸುತ್ತದೆ ಎಂದು 2001ರ ಹೊತ್ತಿಗೆ ಗೊತ್ತಾಯಿತು. ವಿಶೇಷವೆಂದರೆ ಅದು ಸಸ್ತನಿಗಳ ಪಂಪನ್ನು ನಿಲ್ಲಿಸಿತು, ಶಿಲೀಂಧ್ರದ ಪಂಪನ್ನು ಮುಟ್ಟಲಿಲ್ಲ. ಶಿಲೀಂಧ್ರದ ರೋಗಕ್ಕೆ ನಮಗೆ ಬೇಕಾದದ್ದು ಇದರ ಉಲ್ಟಾ, ನಿಜ. ಆದರೂ ಒಂದೇ ಮನೆತನದ ಎರಡು ಪಂಪುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಅಣು ನಿಸರ್ಗದಲ್ಲಿ ಇದೆ ಎಂಬುದು ಅಲ್ಲಿ ಸಾಬೀತಾಯಿತು. ಬ್ಯಾಫಿಲೊಮೈಸಿನ್ ಕೊಡದ ಭರವಸೆಯನ್ನು ಇದು ಕೊಟ್ಟಿತು.

ನಿಸರ್ಗ ಪಂಪನ್ನು ನಿಲ್ಲಿಸುವುದೊಂದನ್ನೇ ಕಲಿತಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬಾದಾಮಿ, ಪೀಚ್ ಮರಗಳಿಗೆ ತಗಲುವ ಒಂದು ಶಿಲೀಂಧ್ರ ಫ್ಯುಸಿಕಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಎಲೆಯ ಪ್ರೋಟಾನ್ ಪಂಪನ್ನು ನಿಲ್ಲಲು ಬಿಡದೆ ಓಡಿಸುತ್ತಲೇ ಇರುತ್ತದೆ. ಎಲೆಯ ರಂಧ್ರಗಳು ಮುಚ್ಚಲಾರದೆ, ನೀರು ಆರಿ ಆರಿ ಮರ ಬಾಡುತ್ತದೆ.

ಹಾಗಾದರೆ ಗಿಡದಿಂದ ಬಂದು ಪಂಪು ನಿಲ್ಲಿಸಿ ನಿಜವಾಗಿ ಔಷಧಿಯಾದದ್ದು ಒಂದೂ ಇಲ್ಲವೇ? ಇದೆ, ಅದರ ಬಂಧುಗಳು ನಿಮ್ಮ ಅಂಗಳದಲ್ಲೇ ಇರಬಹುದು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಡಿಜಿಟಾಲಿಸ್ ಗಿಡದ ಎಲೆ ಮೈಬಾವಿಗೆ ಮದ್ದಾಗುವುದನ್ನು ದಾಖಲಿಸಿದರು. ಅದೇ ಕುಲದಿಂದ ಬಂದ ಡಿಗಾಕ್ಸಿನ್ ಇಂದಿಗೂ ಹೃದಯರೋಗಿಗಳಿಗೆ ಕೊಡುವ ಮಾತ್ರೆ. ಅದು ಹಿಡಿಯುವುದು ನಾನು ಮೇಲೆ ಹೇಳಿದ ಸೋಡಿಯಂ ಪಂಪನ್ನು. ದೇವರ ಪೂಜೆಗೆ ಕೊಯ್ಯುವ ಕಣಗಿಲೆಯಲ್ಲಿ, ಹಳದಿ ಕಣಗಿಲೆಯಲ್ಲಿ ಇದೇ ಜಾತಿಯ ವಸ್ತುಗಳಿವೆ. ಡಿಗಾಕ್ಸಿನ್ ಕೊಡುವ ವೈದ್ಯರ ಎಚ್ಚರಿಕೆ ನೋಡಿ: ಒಂದು ಮಿಲಿಲೀಟರ್ ರಕ್ತದಲ್ಲಿ ಒಂದು ನ್ಯಾನೋಗ್ರಾಮಿನ ಒಳಗೆ ಇದ್ದರೆ ಮದ್ದು, ಎರಡು ದಾಟಿದರೆ ವಿಷದ ಲಕ್ಷಣಗಳು ಕಾಣುತ್ತವೆ. ಮದ್ದಿಗೂ ವಿಷಕ್ಕೂ ನಡುವೆ ಅಷ್ಟೇ ಅಂತರ. ಗಿಡದ ಎಲೆಯಲ್ಲಿ ವಸ್ತು ಎಷ್ಟಿದೆ ಎಂಬುದು ಮಳೆಗಾಲಕ್ಕೊಂದು ಬೇಸಿಗೆಗೊಂದು. ಕಣಗಿಲೆಯ ಬೇರು, ಎಲೆ, ಬೀಜ ಯಾವುದೂ ಮನೆಮದ್ದಿಗೆ ಅಲ್ಲ. ಇದನ್ನು ಮಾವನವರಿಗೂ, ಮನೆಯ ಮಕ್ಕಳಿಗೂ ಬಿಡದೆ ಹೇಳಿ.

ಈಗ ಅವರು ನುಂಗುವ ಮಾತ್ರೆಗೆ ಬರೋಣ, ಏಕೆಂದರೆ ಬ್ಯಾಫಿಲೊಮೈಸಿನ್ ಸೋತಲ್ಲಿ ಅದು ಗೆದ್ದದ್ದು ಹೇಗೆ ಎಂಬುದರಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಈ ಮಾತ್ರೆಗಳ ಕುಲದ ಮೊದಲನೆಯದು ಒಮೆಪ್ರಜೋಲ್. ಸ್ವೀಡನ್ನಿನ ಪ್ರಯೋಗಾಲಯದಲ್ಲಿ ಹುಟ್ಟಿ 1988ರಲ್ಲಿ ಮಾರುಕಟ್ಟೆಗೆ ಬಂತು. ಅದು ಗಿಡದಿಂದ ಬಂದದ್ದಲ್ಲ, ಮನುಷ್ಯರು ಕಟ್ಟಿದ ಅಣು. ಪ್ಯಾಂಟೊಪ್ರಜೋಲ್ ಅದರ ತಮ್ಮ. ಅದರ ದಾರಿಯನ್ನು ಹಿಂಬಾಲಿಸಿ ನೋಡಿ. ಬೆಳಿಗ್ಗೆ ಬರಿಹೊಟ್ಟೆಗೆ ನುಂಗಿದ ಮಾತ್ರೆಗೆ ಹೊಟ್ಟೆಯ ಆಮ್ಲದಲ್ಲಿ ಕರಗದ ಲೇಪವಿದೆ. ಹಾಗಾಗಿ ಅದು ಜಠರವನ್ನು ಹಾಗೆಯೇ ದಾಟಿ ಸಣ್ಣಕರುಳಿಗೆ ಹೋಗಿ ಅಲ್ಲಿ ಕರಗುತ್ತದೆ. ಅಲ್ಲಿಂದ ರಕ್ತಕ್ಕೆ. ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ, ಆದರೆ ಆ ಹೊತ್ತಿನಲ್ಲಿ ಅದು ಇನ್ನೂ ಮದ್ದೇ ಅಲ್ಲ, ಯಾವ ಪಂಪನ್ನೂ ಹಿಡಿಯಲು ಬಾರದ ಸಾದಾ ಅಣು. ಸುತ್ತುತ್ತ ಸುತ್ತುತ್ತ ಜಠರದ ಗೋಡೆಯ ಆ ಕೋಶಗಳನ್ನು ಹಿಂಬದಿಯಿಂದ ಹೊಕ್ಕು ಆಮ್ಲದ ಕಾಲುವೆಗೆ ಇಳಿಯುತ್ತದೆ. ಪಿಎಚ್ 1ರ ಆ ಹುಳಿಯಲ್ಲಿ ಅದಕ್ಕೊಂದು ಪ್ರೋಟಾನು ಅಂಟಿಕೊಳ್ಳುತ್ತದೆ, ಅಂಟಿದ ಮೇಲೆ ಪೊರೆ ದಾಟಿ ಹಿಂದೆ ಬರಲಾಗುವುದಿಲ್ಲ. ಕೂಣಿ ಹೊಕ್ಕ ಮೀನಿನ ಹಾಗೆ ಅಲ್ಲೇ ಸೇರುತ್ತ ಸೇರುತ್ತ ರಕ್ತದಲ್ಲಿ ಇರುವುದಕ್ಕಿಂತ ಸಾವಿರ ಪಟ್ಟಿನ ಮಟ್ಟಿಗೆ ಕೂಡಿಕೊಳ್ಳುತ್ತದೆ. ಅದೇ ಹುಳಿ ಅದರ ಆಕಾರವನ್ನು ಬದಲಿಸಿ ಚುರುಕಾದ ಅಣುವನ್ನಾಗಿ ಮಾಡುತ್ತದೆ. ಆಗ ಅದು ಎದುರಿಗೇ ಇರುವ ಪಂಪಿನ 813ನೆಯ ಸ್ಥಾನದಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಮೈಯಲ್ಲಿ ಅಷ್ಟು ಹುಳಿ ಇರುವ ಜಾಗ ಅದೊಂದೇ ಆದ್ದರಿಂದ ಈ ಅಣು ಮದ್ದಾಗುವ ಜಾಗವೂ ಅದೊಂದೇ. ಲೈಸೋಸೋಮಿನ ಪಿಎಚ್ ಸುಮಾರು 4.5ರಿಂದ 5, ಅಷ್ಟು ಹುಳಿಯಲ್ಲಿ ಇದು ಹಾಗೆ ಕೂಡಿಕೊಳ್ಳುವುದಿಲ್ಲ. ರಕ್ತದಿಂದ ಒಂದೆರಡು ಗಂಟೆಗಳಲ್ಲಿ ಬಹುಪಾಲು ಹೊರಟುಹೋಗುತ್ತದೆ, ಕಚ್ಚಿಕೊಂಡ ಪಂಪು ಮಾತ್ರ ದಿನವಿಡೀ ನಿಂತಿರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕೆಂದು ಹೇಳುವುದೂ ಇದಕ್ಕೇ: ಊಟ ಬಿದ್ದಾಗಲೇ ಪಂಪುಗಳು ಕಾಲುವೆಯ ದಡಕ್ಕೆ ಬಂದು ದುಡಿಯತೊಡಗುತ್ತವೆ, ದುಡಿಯುವ ಪಂಪನ್ನೇ ಮದ್ದು ಹಿಡಿಯುವುದು. ತಿಂಡಿಯಾದ ಮೇಲೆ ನೆನಪಾಗಿ ನುಂಗುವವರು, ಮಾತ್ರೆಯನ್ನು ಅರೆದು ಪುಡಿ ಮಾಡಿ ಕೊಡುವವರು ಅದರ ಅರ್ಧ ಪ್ರಯೋಜನವನ್ನು ಕಳೆದುಕೊಳ್ಳುತ್ತಾರೆ.

ಪಂಪು ನಿಲ್ಲಿಸುವುದು ಇಲ್ಲಿ ಕಷ್ಟದ ಕೆಲಸವಾಗಿರಲಿಲ್ಲ. ಯಾವ ಪಂಪು, ಮೈಯ ಯಾವ ಮೂಲೆಯಲ್ಲಿ, ಎಷ್ಟು ಹೊತ್ತು ಎಂಬುದನ್ನು ಹಿಡಿತಕ್ಕೆ ತಂದದ್ದೇ ಔಷಧಿ. ಮುರುಗಲು, ಶುಂಠಿ, ಅರಿಸಿನಗಳ ಲೆಕ್ಕವನ್ನು ಇದೇ ಅಳತೆಯಿಂದ ನೋಡಬೇಕು.

ಮಾವನವರು ಓದಿದ್ದು ಪೂರ್ತಿ ಸುಳ್ಳಲ್ಲ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2007ರಲ್ಲಿ ಶುಂಠಿಯ ಮತ್ತು ಅಂಬೆಕೊಂಬು ಎನ್ನುವ ಮಾವಿನ ಶುಂಠಿಯ ಫಿನಾಲ್ ವಸ್ತುಗಳು ಜಠರದ ಪಂಪನ್ನು ತಡೆಯುತ್ತವೆ, ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನೂ ತಗ್ಗಿಸುತ್ತವೆ ಎಂದು ಪ್ರಕಟಿಸಿದರು. ಒಳ್ಳೆಯ ಕೆಲಸ, ನಮ್ಮ ನಾಡಿನ ಕೆಲಸ. ಆದರೆ ಅಲ್ಲಿ ಪಂಪನ್ನು ಕೋಶದಿಂದ ಹೊರತೆಗೆದು ಕೊಳವೆಯಲ್ಲಿಟ್ಟು ಅದರ ಮೇಲೆ ಶುಂಠಿಯ ಸಾರವನ್ನು ನೇರವಾಗಿ ಸುರಿಯುತ್ತಾರೆ. ನಿಮ್ಮ ಮಾವನವರ ಹೊಟ್ಟೆಯಲ್ಲಿ ಆ ಪಂಪು ಲೋಳೆಯ ಪದರದ ಹಿಂದೆ, ಇಕ್ಕಟ್ಟಾದ ಕಾಲುವೆಯ ಒಳಗಿದೆ. ಆಮ್ಲ ಅಲ್ಲಿಂದ ಹೊರಕ್ಕೆ ಹರಿಯುತ್ತಿರುತ್ತದೆ. ಕಷಾಯ ಹೊರಗಿನಿಂದ ಆ ಹರಿವಿಗೆ ಎದುರಾಗಿ ಈಜಿ ಒಳಗೆ ಹೋಗುವುದು ಕಷ್ಟ. ಕರುಳಿನಿಂದ ರಕ್ತಕ್ಕೆ ಸೇರಿ ಹಿಂಬಾಗಿಲಿನಿಂದ ಬರಬೇಕೆಂದರೆ ನಡುವೆ ಯಕೃತ್ತಿದೆ, ಅದು ಇಂಥ ಫಿನಾಲುಗಳನ್ನು ಕಂಡ ಕೂಡಲೇ ಬದಲಿಸಿ ಹೊರಗೆ ಕಳಿಸುತ್ತದೆ. ಅರಿಸಿನದ ಕರ್ಕ್ಯುಮಿನ್ ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಕಾಣುವುದು ಅತ್ಯಲ್ಪ.

ಕರ್ಕ್ಯುಮಿನ್‌ಗೆ ಇನ್ನೊಂದು ತೊಂದರೆಯಿದೆ, ಮಗಳು ಇದನ್ನು ಗಮನಿಸಬೇಕು. ಪ್ರಯೋಗಾಲಯದಲ್ಲಿ ಅದನ್ನು ಯಾವ ಕಿಣ್ವದ ಮೇಲೆ ಹಾಕಿದರೂ 'ತಡೆಯಿತು' ಎಂಬ ಫಲಿತಾಂಶ ಬರುತ್ತದೆ. ಅದು ಸ್ವತಃ ಬೆಳಗುವ ಬಣ್ಣ, ಪ್ರೋಟೀನುಗಳಿಗೆ ಸಿಕ್ಕಸಿಕ್ಕಲ್ಲಿ ಅಂಟುವ ಸ್ವಭಾವ, ನೀರಿನಲ್ಲಿ ತಾನೇ ಒಡೆದುಹೋಗುತ್ತದೆ. ಅಳೆಯುವ ಉಪಕರಣಕ್ಕೆ ಮೋಸವಾಗುವಂಥ ಈ ಗುಣಗಳನ್ನು ಒಟ್ಟು ಮಾಡಿ 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ದೀರ್ಘ ವಿಮರ್ಶೆಯನ್ನೇ ಬರೆದರು. ಅರಿಸಿನವನ್ನು ನಾನು ದಿನವೂ ತಿನ್ನುತ್ತೇನೆ, ಅದರ ಮೇಲೆ ಸಿಟ್ಟಿಲ್ಲ. ಹತ್ತಾರು ರೋಗಗಳಿಗೆ ಅದೊಂದೇ ಮದ್ದು ಎಂದು ಯಾರಾದರೂ ಹೇಳಿದರೆ ಆ ಪ್ರಯೋಗ ನಡೆದ ಬಗೆಯನ್ನು ಕೇಳಬೇಕೆನ್ನುತ್ತೇನೆ.

ವಿಜ್ಞಾನದಲ್ಲಿ ಮುರುಗಲಿಗೆ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಅದರ ಸಿಪ್ಪೆಯ ಗಾರ್ಸಿನಾಲ್ ಎಂಬ ವಸ್ತು ವಂಶವಾಹಿಗಳ ಓದುಬರಹವನ್ನು ನಿಯಂತ್ರಿಸುವ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು 2004ರಲ್ಲಿ ತೋರಿಸಿದರು. ಸಿಪ್ಪೆಯ ಹುಳಿಯಲ್ಲಿ ಮುಖ್ಯವಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ತಯಾರಿಸುವ ದಾರಿಯ ಒಂದು ಕಿಣ್ವವನ್ನು ತಡೆಯುತ್ತದೆ. ಆ ಎರಡು ಕಿಣ್ವಗಳೂ ಪಂಪುಗಳಲ್ಲ. ಉಪ್ಪಾಗೆಯಲ್ಲಿಯೂ ಅದೇ ಆಮ್ಲವಿದೆ. ಅದರ ಸಾರವನ್ನು ತೂಕ ಇಳಿಸುವ ಗುಳಿಗೆ ಮಾಡಿ ಮಾರುತ್ತಾರೆ, ಅಂಥ ಗುಳಿಗೆ ನುಂಗಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಸಾರಿಗೆ ಹಾಕುವ ನಾಲ್ಕು ಸಿಪ್ಪೆಯೇ ಬೇರೆ, ಕಾರ್ಖಾನೆಯಲ್ಲಿ ಹಿಂಡಿದ ಗುಳಿಗೆಯೇ ಬೇರೆ.

ಮಗಳ ಉತ್ಸಾಹಕ್ಕೆ ತಣ್ಣೀರು ಎರಚಲು ಇಷ್ಟೆಲ್ಲ ಬರೆಯಲಿಲ್ಲ. ಪ್ರೋಟಾನ್ ಯಂತ್ರಗಳಿಂದ ಔಷಧಿ ಬರುತ್ತದೆ, ಬಂದಿದೆ. ಕ್ಷಯದ ಬ್ಯಾಕ್ಟೀರಿಯಾ ಎಟಿಪಿ ತಯಾರಿಸುವ ಗಾಣದ ಬಳೆಯನ್ನೇ ಹಿಡಿದು ನಿಲ್ಲಿಸುವ ಬೆಡಾಕ್ವಿಲಿನ್ 2005ರಲ್ಲಿ ಪ್ರಕಟವಾಗಿ 2012ರ ಕೊನೆಗೆ ಅಮೆರಿಕದಲ್ಲಿ ಮಂಜೂರಾಯಿತು. ಬೇರೆ ಮದ್ದಿಗೆ ಬಗ್ಗದ ಕ್ಷಯಕ್ಕೆ ಈಗ ನಮ್ಮ ದೇಶದಲ್ಲಿಯೂ ಅದನ್ನು ಕೊಡುತ್ತಾರೆ. ಅದು ಬ್ಯಾಕ್ಟೀರಿಯಾದ ಬಳೆಯನ್ನು ಹಿಡಿಯುವಷ್ಟು ಬಲವಾಗಿ ನಮ್ಮ ಮೈಟೋಕಾಂಡ್ರಿಯದ ಬಳೆಯನ್ನು ಹಿಡಿಯುವುದಿಲ್ಲ, ಅದೇ ಅದರ ಗೆಲುವು. ಇದು ನೈಸರ್ಗಿಕ ವಸ್ತುವಲ್ಲ. ಆದರೆ ಅದೇ ಬಳೆಯನ್ನು ಹಿಡಿಯಬಹುದು ಎಂಬುದನ್ನು ವಿಜ್ಞಾನಕ್ಕೆ ಮೊದಲು ಕಲಿಸಿದವುಗಳಲ್ಲಿ ಸ್ಟ್ರೆಪ್ಟೊಮೈಸಿಸ್‌ನ ಇನ್ನೊಂದು ಕೂಸು ಒಲಿಗೊಮೈಸಿನ್ ಇದೆ. ನೈಸರ್ಗಿಕ ವಸ್ತು ತಾನೇ ಮಾತ್ರೆಯಾಗದಿದ್ದರೂ ಎಲ್ಲಿ ಹಿಡಿಯಬೇಕೆಂದು ಬೆರಳು ತೋರಿಸುತ್ತದೆ. ಆ ಉಪಕಾರವನ್ನು ನಾನು ಸಣ್ಣದೆನ್ನುವುದಿಲ್ಲ.

ಆಕೆ ಶಿರಸಿಯ ಕಾಡಿನ ಮಣ್ಣನ್ನೋ ಕಾರವಾರದ ಬಂಡೆಗಳಿಗಂಟಿದ ಸ್ಪಂಜನ್ನೋ ಅಧ್ಯಯನಕ್ಕೆ ತೆಗೆದುಕೊಳ್ಳುವುದಾದರೆ ಎರಡು ಮಾತು. ಒಂದು, 'ಪಂಪು ನಿಂತಿತು' ಎಂಬಲ್ಲಿಗೆ ಪ್ರಯೋಗ ಮುಗಿಸಬಾರದು. ಅದೇ ಸಾರವನ್ನು ಬೇರೆ ಎರಡು ಪಂಪುಗಳ ಮೇಲೆ, ಪಂಪಲ್ಲದ ಇನ್ನೊಂದು ಕಿಣ್ವದ ಮೇಲೆ ಹಾಕಿ ನೋಡಬೇಕು. ಎಲ್ಲವೂ ನಿಂತರೆ ಆ ಸಾರದಲ್ಲಿ ವಿಶೇಷವಿಲ್ಲ, ಒಂದು ಮಾತ್ರ ನಿಂತರೆ ಆ ರಾತ್ರಿ ನಿದ್ದೆ ಬರದಿದ್ದರೂ ಚಿಂತೆಯಿಲ್ಲ. ಎರಡು, ನಮ್ಮ ಘಟ್ಟದ ದುರ್ವಾಸನೆ ಮರದ ಕಥೆಯನ್ನು ಮರೆಯಬಾರದು. ಕ್ಯಾನ್ಸರ್ ಔಷಧಿಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಅದರಲ್ಲಿದೆ ಎಂದು 1970ರ ದಶಕದಲ್ಲಿ ಗೊತ್ತಾದ ಮೇಲೆ, ಬೇಡಿಕೆ ಏರಿ, ಪಶ್ಚಿಮ ಘಟ್ಟದ ಎಷ್ಟೋ ಕಡೆ ಆ ಮರವನ್ನೇ ಕಡಿದು ಸಾಗಿಸಿದರು. ಹಿಡಿ ಮಣ್ಣಿನ ಬ್ಯಾಕ್ಟೀರಿಯಾವನ್ನು ಕೊಳವೆಯಲ್ಲಿ ಬೆಳೆಸಬಹುದು, ಮರಕ್ಕೆ ಆ ದಾರಿ ಸುಲಭವಿಲ್ಲ. ತನ್ನ ಆಯ್ಕೆಯಲ್ಲಿ ಆಕೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನನಗೆ ಸಂತೋಷ.

ಕೊನೆಗೆ ಮಾವನವರ ಮಾತ್ರೆ. ದಿಢೀರ್ ನಿಲ್ಲಿಸಬಾರದು ಎಂದೆನಲ್ಲ, ಕಾರಣ ಇದು: ಪಂಪುಗಳು ತಿಂಗಳುಗಟ್ಟಲೆ ನಿಂತಿದ್ದಾಗ ದೇಹ ಆಮ್ಲ ಸಾಲದೆಂದು, ಆಮ್ಲ ಸುರಿಸಲು ಹೇಳುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಮಾತ್ರೆ ನಿಂತ ಕೂಡಲೇ ಪಂಪುಗಳೆಲ್ಲ ಒಮ್ಮೆಲೇ ಎದ್ದು ಮೊದಲಿಗಿಂತ ಹೆಚ್ಚು ಆಮ್ಲ ಸುರಿಯುತ್ತವೆ. ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ ಎಂಟು ವಾರ ಇಂಥ ಮಾತ್ರೆ ಕೊಟ್ಟು ನಿಲ್ಲಿಸಿದ ಡೆನ್ಮಾರ್ಕಿನ ಒಂದು ಪ್ರಯೋಗದಲ್ಲಿ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಜನರಿಗೆ ಹೊಸದಾಗಿ ಆಮ್ಲದ ತೊಂದರೆ ಕಾಣಿಸಿಕೊಂಡಿತು. ಮಾವನವರು ಈಗ ಮಾತ್ರೆ ಬಿಟ್ಟು ಮುರುಗಲು ಹಿಡಿದರೆ, ಮರಳಿ ಬರುವ ಉರಿಗೆ ಪಾಪ, ಮುರುಗಲಿನ ಮೇಲೆ ಅಪವಾದ ಬರುತ್ತದೆ.

ಆದರೆ ಮೂರು ವರ್ಷ ಒಂದೇ ಮಾತ್ರೆಯನ್ನು ಯಾರೂ ಮರುಪರಿಶೀಲಿಸದೆ ನುಂಗುತ್ತ ಹೋಗುವುದೂ ಸರಿಯಲ್ಲ. ಬಹಳ ಕಾಲ ಬಳಸಿದವರಲ್ಲಿ ಬಿ12 ಜೀವಸತ್ವ, ಮೆಗ್ನೀಸಿಯಂ ಕಡಿಮೆಯಾಗುವುದುಂಟು. ಈ ತಿಂಗಳೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಯಾವಾಗಿನಿಂದ, ಎಷ್ಟು ಮಿಲಿಗ್ರಾಮಿನದು, ಊಟಕ್ಕೆ ಎಷ್ಟು ಮೊದಲು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತ್ರೆ ಇನ್ನೂ ಬೇಕೇ, ಪ್ರಮಾಣ ಇಳಿಸುತ್ತ ಬಿಡಬಹುದೇ, ಪೈಲೋರಿ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯೇ ಎಂದು ಕೇಳಿ. ನುಂಗಲು ಕಷ್ಟವಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ ತಿಂಗಳು ಕಾಯಬೇಡಿ. ನಡೆಯುವಾಗ, ತೋಟದ ದರೆ ಹತ್ತುವಾಗ ಎದೆ ಹಿಡಿದಂತಾದರೆ ಅದನ್ನು ಗ್ಯಾಸು ಎಂದು ಬದಿಗಿಡದೆ ಅದೇ ದಿನ ಹೃದಯದ ಪರೀಕ್ಷೆ ಮಾಡಿಸಿ.

ಮುರುಗಲು ಪಾನಕವನ್ನು ಅವರು ಬಿಡಬೇಕಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬೆಲ್ಲ, ಏಲಕ್ಕಿ ಹಾಕಿ ಒಂದು ಲೋಟ ಕುಡಿಯಲಿ. ಕುಡಿದ ಮೇಲೆ ಉರಿ ಹೆಚ್ಚಾದರೆ ಇನ್ನಷ್ಟು ತೆಳ್ಳಗೆ ಮಾಡಿಕೊಡಿ, ಮಲಗುವ ಹೊತ್ತಿಗೆ ಮಾತ್ರ ಬೇಡ.